ಬ್ಲಾಕ್ ತೆಗೆಸಲು ಬಂದವರಿಗೆ ಬ್ಲಾಕ್ ಹಾಕುವವಳ ಅರ್ಜಿ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,

ವಿಜಯಪುರದಿಂದ ಒಬ್ಬ ಅರಿವಳಿಕೆ ವೈದ್ಯೆಯ ನಮಸ್ಕಾರಗಳು.

ಕೆಲವು ತಿಂಗಳ ಹಿಂದೆ ಇಂಡಿ ಕಡೆಯ ಅಜ್ಜ ಒಬ್ಬರು ಹೃದಯದ ಬಡಿತ ತಪ್ಪದಂತೆ ಕಾಯುವ ಪೇಸ್‌ಮೇಕರ್ ಹಾಕಿಸಿಕೊಳ್ಳಲು ಬಂದಿದ್ದರು. ಹಿಂದಿನ ದಿನ ಸಂಜೆ ವಾರ್ಡಿಗೆ ಹೋಗಿ, ‘ಅಜ್ಜಾರ, ನಾಳೆ ನಿಮಗ ಎಚ್ಚರ ತಪ್ಪಸಂಗಿಲ್ಲ. ಎದಿಗೆ ಒಂದು ಬ್ಲಾಕ್ ಹಾಕ್ತೀನಿ, ನೋವು ಗೊತ್ತಾಗೂದಿಲ್ಲ’ ಎಂದೆ. ಅಜ್ಜ ಸುಮ್ಮನಿದ್ದರು. ಮಗ ಮಾತ್ರ ಎದ್ದು ನಿಂತ. ‘ಬಾಯಾರ, ಹಾರ್ಟಿಗೆ ಬ್ಲಾಕ್ ಆಗೇದ ಅಂತ ಹೇಳಿದ್ದಕ್ಕ ಇಲ್ಲಿಗೆ ಕರಕೊಂಡ ಬಂದೀವ್ರಿ. ನೀವು ಮತ್ತೊಂದು ಹಾಕ್ತೀನಂದ್ರ ಹೆಂಗ್ರಿ?’

ಪಕ್ಕದ ಮಂಚದವರು ನಕ್ಕರು, ನಾನೂ ನಕ್ಕೆ. ರಾತ್ರಿ ಮನೆಗೆ ಹೋದ ಮೇಲೆ ಯೋಚಿಸಿದಾಗ ತಪ್ಪು ಅವನದಲ್ಲ ಅನ್ನಿಸಿತು. ನಮ್ಮ ಕಡೆ ಬ್ಲಾಕ್ ಅಂದರೆ ರಕ್ತನಾಳದೊಳಗೆ ಕಟ್ಟಿದ ಕೊಬ್ಬು. ಹೃದಯದ ವೈದ್ಯರಿಗೆ ಅದೇ ಮಾತು ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ವಿದ್ಯುತ್ ಸಂಕೇತ ಹೋಗದಿರುವ ಕಾಯಿಲೆ. ಅಜ್ಜನಿಗೆ ಆಗಿದ್ದು ಅದೇ. ನಾನು ಹೇಳುವ ಬ್ಲಾಕ್ ಮೂರನೆಯದು, ನರದ ಸುತ್ತ ಜೋಮು ಹಿಡಿಸುವ ಔಷಧ. ಒಂದೇ ಪದದಲ್ಲಿ ಎರಡು ಕಾಯಿಲೆ, ಒಂದು ಉಪಾಯ. ಇದನ್ನು ಬಿಡಿಸಿ ಹೇಳುವ ಹತ್ತು ನಿಮಿಷ ನಮ್ಮ ಆಸ್ಪತ್ರೆಗಳಲ್ಲಿ ಯಾರ ಲೆಕ್ಕದಲ್ಲೂ ಇಲ್ಲ. ಈ ಪತ್ರ ಬರೆಯಲು ಕುಳಿತದ್ದು ಆ ಹತ್ತು ನಿಮಿಷಕ್ಕಾಗಿ, ಅದರ ಜೊತೆಗೆ ಒಂದು ಸ್ಕ್ಯಾನಿಂಗ್ ಪ್ರೋಬಿಗಾಗಿ, ಅಂದರೆ ಮೈಮೇಲೆ ಆಡಿಸಿ ಒಳಗಿನದನ್ನು ಪರದೆಗೆ ತರುವ ಹಿಡಿಕೆಗಾಗಿ.

ಮೊದಲು ಜೋಮಿನ ವಿಷಯ. ಪೂರ್ತಿ ಅರಿವಳಿಕೆಯಲ್ಲಿ ಮೆದುಳನ್ನೇ ಮಲಗಿಸುತ್ತೇವೆ. ಉಸಿರಾಟ ಮಷಿನ್ನಿನ ಕೈಗೆ ಹೋಗುತ್ತದೆ, ಗಂಟಲೊಳಗೆ ನಳಿಕೆ ಇಳಿಯುತ್ತದೆ, ರಕ್ತದೊತ್ತಡ ಕುಸಿಯದಂತೆ ನಾವು ಕಾಯುತ್ತ ಕೂರುತ್ತೇವೆ. ನರದ ಬ್ಲಾಕಿನಲ್ಲಿ ನೋವಿನ ಸುದ್ದಿ ಹೊತ್ತು ಹೋಗುವ ನರವನ್ನಷ್ಟೇ ದಾರಿಯಲ್ಲಿ ತಡೆಯುತ್ತೇವೆ. ಆಲಮಟ್ಟಿಯ ನೀರು ಉಣ್ಣುವ ನಮ್ಮ ರೈತರಿಗೆ ನಾನು ಹೇಳುವುದು ಹೀಗೆ: ಒಂದು ಹೊಲಕ್ಕೆ ನೀರು ಬೇಡವಾದರೆ ಡ್ಯಾಮಿನ ಗೇಟು ಇಳಿಸುತ್ತೀರೋ, ಆ ಹೊಲದ ತೂಬು ಮುಚ್ಚುತ್ತೀರೋ? ಎದೆಗೂಡಿನ ನೋವು ಒಯ್ಯುವ ನರಗಳು ಬೆನ್ನುಹುರಿಯಿಂದ ಹೊರಟು ಒಂದೊಂದು ಪಕ್ಕೆಲುಬಿನ ಕೆಳಗೂ ಒಂದೊಂದರಂತೆ ಮುಂದಕ್ಕೆ ಬಳಸಿ ಎದೆಯ ನಡು ಎಲುಬಿನ ಪಕ್ಕ ಬಂದು ಮುಗಿಯುತ್ತವೆ. ಆ ದಾರಿಯಲ್ಲಿ ತೂಬು ಮುಚ್ಚಲು ಹಲವು ಜಾಗಗಳಿವೆ. ಬೆನ್ನಿನ ಸ್ನಾಯುವಿನ ಅಡಿಯಲ್ಲಿ ಔಷಧ ಬಿಡುವ ಎರೆಕ್ಟರ್ ಸ್ಪೈನೀ ಬ್ಲಾಕಿನ ವಿವರಣೆ ಮೊದಲು ಪ್ರಕಟವಾದದ್ದು 2016ರಲ್ಲಿ. ಎದೆಯ ಸ್ನಾಯುಗಳ ನಡುವೆ ಕೊಡುವ ಪೆಕ್ಸ್ ಬ್ಲಾಕ್ 2011ರದು. ನಾನು ಎಂ.ಡಿ. ಓದುವಾಗ ಇವೆರಡೂ ಪುಸ್ತಕದಲ್ಲಿರಲಿಲ್ಲ.

ಹೃದಯಕ್ಕೆ ಕೈ ಹಾಕುವುದೆಂದರೆ ಮನುಷ್ಯನ ಎಚ್ಚರ ತಪ್ಪಿಸಲೇಬೇಕು ಎಂಬ ನಂಬಿಕೆ ಜನರಲ್ಲಷ್ಟೇ ಅಲ್ಲ, ನಮ್ಮಲ್ಲೂ ಗಟ್ಟಿಯಾಗಿದೆ. ಚರಿತ್ರೆ ಬೇರೆಯೇ ಇದೆ. 1929ರಲ್ಲಿ ಜರ್ಮನಿಯ ವರ್ನರ್ ಫೋರ್ಸ್‌ಮನ್ ತನ್ನದೇ ತೋಳಿಗೆ ಜೋಮಿನ ಸೂಜಿ ಚುಚ್ಚಿಕೊಂಡು, ರಕ್ತನಾಳದೊಳಗೆ ನಳಿಕೆ ತೂರಿಸಿ, ಅದು ಹೃದಯ ಮುಟ್ಟಿದೆಯೋ ಇಲ್ಲವೋ ನೋಡಲು ಮೆಟ್ಟಿಲಿಳಿದು ಎಕ್ಸ್‌ರೇ ಕೋಣೆಗೆ ನಡೆದುಹೋದ. ಹುಚ್ಚು ಸಾಹಸ, ನನ್ನ ವಿದ್ಯಾರ್ಥಿ ಯಾರಾದರೂ ಹಾಗೆ ಮಾಡಿದರೆ ಕಪಾಳಕ್ಕೆ ಬಿಡುತ್ತೇನೆ. ಆದರೆ 1956ರಲ್ಲಿ ಅವನಿಗೆ ನೊಬೆಲ್ ಬಂತು. 1977ರಲ್ಲಿ ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಹೃದಯದ ರಕ್ತನಾಳವನ್ನು ಬಲೂನಿನಿಂದ ಹಿಗ್ಗಿಸುವ ಮೊದಲ ಆಂಜಿಯೋಪ್ಲಾಸ್ಟಿ ಮಾಡಿದಾಗ ರೋಗಿ ಎಚ್ಚರವಾಗಿಯೇ ಇದ್ದ. ಎದೆ ಸೀಳದೆ ಕಾಲಿನ ರಕ್ತನಾಳದಿಂದ ಹೃದಯದ ಕವಾಟ ಕೂರಿಸುವ ಟಾವಿ ಎಂಬ ವಿಧಾನವನ್ನು 2002ರಲ್ಲಿ ಫ್ರಾನ್ಸಿನ ರೂವಾನಿನಲ್ಲಿ ಅಲೆನ್ ಕ್ರಿಬಿಯೆ ಶುರು ಮಾಡಿದರು. ಇಂದು ಎಷ್ಟೋ ಕಡೆ ತೊಡೆಸಂದಿಗೆ ಜೋಮು ಹಿಡಿಸಿ, ಸ್ವಲ್ಪ ಮಂಪರು ಬರಿಸಿ ಅದನ್ನು ಮುಗಿಸುತ್ತಾರೆ. ಜರ್ಮನಿಯಲ್ಲಿ 447 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಪೂರ್ತಿ ಅರಿವಳಿಕೆ, ಇನ್ನೊಂದಕ್ಕೆ ಜೋಮು ಮತ್ತು ಮಂಪರು ಕೊಟ್ಟು ಹೋಲಿಸಿದರು. ಸೋಲ್ವ್-ಟಾವಿ ಎಂಬ ಈ ಅಧ್ಯಯನದಲ್ಲಿ ತಿಂಗಳ ನಂತರದ ಫಲ ಎರಡೂ ಕಡೆ ಸಮ ಬಂತು. ಎಚ್ಚರವಿದ್ದವರಿಗೆ ರಕ್ತದೊತ್ತಡ ಏರಿಸುವ ಔಷಧ ಮಾತ್ರ ಕಡಿಮೆ ಬೇಕಾಯಿತು.

ಸಮ ಬಂದದ್ದನ್ನು ನಾನು ಗೆಲುವೆಂದು ಡಂಗುರ ಸಾರುವುದಿಲ್ಲ. ಎರಡೂ ಸಮವಾಗಿದ್ದರೆ ಆಗ ರೋಗಿಯನ್ನು ಕೇಳಬೇಕು, ಅವನ ಪುಪ್ಪುಸ, ಮೂತ್ರಪಿಂಡ, ವಯಸ್ಸು ನೋಡಿ ತೀರ್ಮಾನಿಸಬೇಕು, ಅಷ್ಟೇ. ನಮ್ಮಲ್ಲಿ ಆ ಪ್ರಶ್ನೆಯೇ ಹುಟ್ಟುವುದಿಲ್ಲ.

ಬೇರೆಯವರ ಬಗ್ಗೆ ಬರೆಯುವ ಮುಂಚೆ ನನ್ನದೊಂದು ಹೇಳಿಬಿಡುತ್ತೇನೆ. ನಾನು ಹೊಸದಾಗಿ ಕೆಲಸಕ್ಕೆ ಸೇರಿದ ಕಾಲ. ತಾಳಿಕೋಟಿ ಕಡೆಯ, ಮೂವತ್ತೈದರ ಆಸುಪಾಸಿನ ಒಬ್ಬ ಟಿ.ಬಿ. ರೋಗಿ. ಹೃದಯದ ಸುತ್ತಿನ ಚೀಲದಲ್ಲಿ ನೀರು ತುಂಬಿ ಹೃದಯ ಹಿಗ್ಗಲು ಜಾಗವೇ ಇರಲಿಲ್ಲ. ಎದೆಯ ಕೆಳಗೆ ಸಣ್ಣದಾಗಿ ಕೊಯ್ದು ಚೀಲಕ್ಕೊಂದು ಕಿಟಕಿ ಮಾಡಿ ನೀರು ಬಿಡುವುದು ಸರ್ಜನ್ನರ ಯೋಚನೆ. ಅವನು ಮಲಗಲಾರದೆ ಮಂಚದ ಮೇಲೆ ಮುಂದಕ್ಕೆ ಬಾಗಿ ಕೂತಿದ್ದ. ಅದೇ ನನಗೆ ಎಚ್ಚರಿಕೆ ಕೊಡಬೇಕಿತ್ತು. ಮಲಗಿಸಿ, ಪೂರ್ತಿ ಅರಿವಳಿಕೆ ಕೊಟ್ಟು, ನಳಿಕೆ ಹಾಕಿ ಮಷಿನ್ನಿನಿಂದ ಎದೆಗೆ ಗಾಳಿ ತುಂಬಿದೆ. ನಾಲ್ಕೈದು ಉಸಿರಿಗೇ ಕೈಯ ನಾಡಿ ಮಾಯ. ಅಂಥ ಹೃದಯ ಬದುಕಿರುವುದು ವಾಪಸು ಹರಿದುಬರುವ ರಕ್ತದ ಬಲದಿಂದ. ನನ್ನ ಔಷಧ ರಕ್ತನಾಳ ಸಡಿಲಿಸಿತು, ಮಷಿನ್ನಿನ ಗಾಳಿ ಎದೆಯೊಳಗೆ ಒತ್ತಡ ಏರಿಸಿ ರಕ್ತವನ್ನು ಹೊರಗೇ ನಿಲ್ಲಿಸಿತು. ಸರ್ಜನ್ನರು ಕೈ ತೊಳೆಯುವುದನ್ನು ಅರ್ಧಕ್ಕೆ ಬಿಟ್ಟು ಓಡಿಬಂದು ಕೊಯ್ದರು, ನೀರು ಚಿಮ್ಮಿತು, ನಾಡಿ ಮರಳಿತು. ಅವನು ನಡೆದುಕೊಂಡೇ ಮನೆಗೆ ಹೋದ. ಇಷ್ಟೆಲ್ಲ ಆಯಿತೆಂದು ಅವನಿಗೆ ನಾನು ಹೇಳಲಿಲ್ಲ. ಇದು ಪುಸ್ತಕದಲ್ಲಿ ಇದ್ದ ವಿಷಯವೇ. ಅಂಥವರಿಗೆ ಕೊಯ್ಯುವ ಜಾಗಕ್ಕಷ್ಟೇ ಜೋಮು ಹಿಡಿಸಿ, ಅರ್ಧ ಕೂತ ಭಂಗಿಯಲ್ಲೇ, ತಾವೇ ಉಸಿರಾಡುತ್ತಿರುವಾಗ ನೀರು ತೆಗೆಯಬಹುದು. ಆಮೇಲೆ ಬಂದವರಿಗೆ ಹಾಗೆಯೇ ಮಾಡಿದ್ದೇನೆ. ಟಿ.ಬಿ. ಇನ್ನೂ ಬಿಟ್ಟುಹೋಗದ ನಮ್ಮ ಸೀಮೆಯಲ್ಲಿ ಇದು ಟಾವಿಗಿಂತ ಹೆಚ್ಚು ಬೇಕಾದ ವಿದ್ಯೆ. ಟಾವಿಯ ಕವಾಟಕ್ಕೇ ಲಕ್ಷಗಟ್ಟಲೆ ದುಡ್ಡು, ಅದನ್ನು ನಾನಿಲ್ಲಿ ಕೇಳುತ್ತಲೂ ಇಲ್ಲ.

ಪೇಸ್‌ಮೇಕರ್‌ಗೆ ಹೃದಯದ ವೈದ್ಯರೇ ಜೋಮಿನ ಸೂಜಿ ಕೊಟ್ಟು ಮುಗಿಸುವುದು ರೂಢಿ, ಹೆಚ್ಚಿನವರಿಗೆ ಅದು ಸಾಕು. ಎಲುಬಿನ ಹಂದರದಂತಿರುವ ಮುದುಕರಿಗೆ, ದೊಡ್ಡ ಯಂತ್ರ ಕೂರಿಸಬೇಕಾದವರಿಗೆ ಬ್ಲಾಕ್ ಸೇರಿದರೆ ಹಿತ. ಇಲ್ಲೊಂದು ಸೂಕ್ಷ್ಮವಿದೆ. ಕಾಲರ್ ಬೋನಿನ ಕೆಳಗಿನ ಚರ್ಮಕ್ಕೆ ಬರುವುದು ಕುತ್ತಿಗೆಯ ಒಂದು ನರ, ಅದರಡಿಯ ಸ್ನಾಯುವಿಗೆ ಬೇರೆ ನರಗಳು. ಒಂದೇ ಸೂಜಿ ನಂಬಿದರೆ ಮೊದಲ ಕೊಯ್ತಕ್ಕೇ ರೋಗಿ ‘ಯಪ್ಪಾ’ ಅನ್ನುತ್ತಾನೆ, ಹೃದಯದ ವೈದ್ಯರು ನನ್ನ ಮುಖ ನೋಡುತ್ತಾರೆ.

ಎದೆ ಸೀಳಿ, ಹೃದಯ ನಿಲ್ಲಿಸಿ, ಹಾರ್ಟ್-ಲಂಗ್ ಮಷಿನ್ನಿಗೆ ಹಾಕಿ ಮಾಡುವ ದೊಡ್ಡ ಆಪರೇಷನ್ನುಗಳಲ್ಲಿ ಪೂರ್ತಿ ಅರಿವಳಿಕೆ ಬೇಕೇ ಬೇಕು. ಇದನ್ನು ಎರಡು ಸಲ ಬರೆದರೂ ತಪ್ಪಿಲ್ಲ, ಏಕೆಂದರೆ ‘ಎಚ್ಚರವಿದ್ದೇ ಬೈಪಾಸ್’ ಎಂಬ ಸುದ್ದಿ ಮೊಬೈಲಿನಲ್ಲಿ ನೋಡಿಕೊಂಡು ಜನ ಬರುತ್ತಾರೆ. ಬೆನ್ನಿನೊಳಗೆ ಜೋಮಿನ ಔಷಧ ಹರಿಸುವ ಎಪಿಡ್ಯೂರಲ್ ನಳಿಕೆ ಇಟ್ಟು, ಮಿಡಿಯುತ್ತಿರುವ ಹೃದಯದ ಮೇಲೆಯೇ ಬೈಪಾಸ್ ಹೊಲಿದದ್ದು ನಿಜ. ಟರ್ಕಿಯಲ್ಲಿ ಮಾಡಿದರು, ಇಪ್ಪತ್ತು ವರ್ಷಕ್ಕೂ ಹಿಂದೆ ನಮ್ಮ ಬೆಂಗಳೂರಿನಲ್ಲೂ ಮಾಡಿದರು. ಕೈ ಪಳಗಿದ ತಂಡ, ಆರಿಸಿದ ರೋಗಿ ಇದ್ದರೆ ಆಗುತ್ತದೆ. ಆದರೆ ಈ ಆಪರೇಷನ್ನಿಗೆ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಡಲೇಬೇಕು. ಬೆನ್ನುಹುರಿಯ ಪಕ್ಕ ಒಂದು ನಾಳ ಒಸರಿದರೆ ಕಾಲಿನ ಸ್ವಾಧೀನವೇ ಹೋಗಬಹುದು. ಕೊಯ್ಯುವಾಗ ಪುಪ್ಪುಸದ ಪೊರೆ ಹರಿದರೆ ಎಚ್ಚರವಿರುವವನಿಗೆ ಉಸಿರೇ ಕಷ್ಟ. ಎಲ್ಲರಿಗೂ ಇದೇ ಬೇಕೆಂದು ಬರೆದುಕೊಡಲು ನಾನು ಸಿದ್ಧಳಿಲ್ಲ.

ಹಾಗಾದರೆ ದೊಡ್ಡ ಆಪರೇಷನ್ನಿನಲ್ಲಿ ಬ್ಲಾಕಿಗೇನು ಕೆಲಸ? ಬೈಪಾಸ್ ಮುಗಿದ ಮರುದಿನ ಐಸಿಯುಗೆ ಬಂದು ನೋಡಿ. ತಲೆದಿಂಬನ್ನು ಎದೆಗವಚಿಕೊಂಡು ಕೂತಿರುತ್ತಾರೆ. ಸಿಸ್ಟರು ‘ಕೆಮ್ಮ್ರಿ, ಜೋರ ಕೆಮ್ಮ್ರಿ’ ಎನ್ನುತ್ತಾರೆ. ಕೆಮ್ಮಿದರೆ ಗರಗಸದಿಂದ ಕೊಯ್ದು ತಂತಿಯಿಂದ ಬಿಗಿದ ಎಲುಬು ಪ್ರಾಣ ಹಿಂಡುತ್ತದೆ, ಕೆಮ್ಮದಿದ್ದರೆ ಕಫ ಕಟ್ಟಿ ನ್ಯುಮೋನಿಯಾ. ನೋವಿಗೆ ಮಾರ್ಫಿನ್, ಫೆಂಟನಿಲ್ ಏರಿಸಿದರೆ ತೂಕಡಿಕೆ, ವಾಂತಿ, ಮಲಬದ್ಧತೆ, ಉಸಿರು ಮಂದ. ನಡು ಎಲುಬಿನ ಎರಡೂ ಪಕ್ಕ ಕೊಡುವ ಪ್ಯಾರಾಸ್ಟರ್ನಲ್ ಬ್ಲಾಕ್ ಈ ಇಕ್ಕಟ್ಟನ್ನು ಮೊದಲ ಕೆಲವು ಗಂಟೆ ಸಡಿಲಿಸುತ್ತದೆ. ಗಂಟಲ ನಳಿಕೆ ಬೇಗ ತೆಗೆಯಲು ಧೈರ್ಯ ಬರುತ್ತದೆ. ಇದರಿಂದ ಸಾವು ಕಡಿಮೆಯಾಗುತ್ತದೆಂದು ನಾನು ಹೇಳಲಾರೆ, ನೋವು ಕಡಿಮೆಯಾಗುತ್ತದೆ. ನೋವು ಸಣ್ಣ ಮಾತೆಂದು ಅನ್ನಿಸಿದವರು ಒಮ್ಮೆ ಪಕ್ಕೆಲುಬು ಮುರಿದುಕೊಂಡು ಸೀನಿ ನೋಡಲಿ.

ಇನ್ನೊಂದು ಬ್ಲಾಕ್ ನೋವಿನದೇ ಅಲ್ಲ. ಕೆಲವರ ಹೃದಯ ಹುಚ್ಚೆದ್ದು ಮತ್ತೆ ಮತ್ತೆ ತಾಳ ತಪ್ಪಿ ಓಡುತ್ತದೆ, ಷಾಕ್ ಕೊಟ್ಟಷ್ಟೂ ಮತ್ತೆ ಓಡುತ್ತದೆ. ಔಷಧ ಸೋತಾಗ ಕುತ್ತಿಗೆಯ ಎಡಭಾಗದಲ್ಲಿರುವ ಸ್ಟೆಲೇಟ್ ಎಂಬ ನರಗಂಟಿಗೆ ಜೋಮು ಹಿಡಿಸಿದರೆ ಹೃದಯವನ್ನು ಕೆರಳಿಸುವ ಸಂಕೇತವೇ ತಗ್ಗುತ್ತದೆ. ರೋಗಿಯನ್ನು ಮಂಚದಿಂದ ಎತ್ತದೆ, ಹಾಸಿಗೆಯ ಪಕ್ಕದಲ್ಲೇ ಮಾಡಬಹುದು. ಆದರೆ ಅಲ್ಲೇ ಪಕ್ಕದಲ್ಲಿ ಮೆದುಳಿಗೆ ಹೋಗುವ ರಕ್ತನಾಳಗಳಿವೆ. ಕಣ್ಣಿಲ್ಲದ ಸೂಜಿ ಅಲ್ಲಿ ಆಡಬಾರದು.

ಕಣ್ಣು ಅಂದೆನಲ್ಲ, ಅಲ್ಲಿಗೇ ಬರುತ್ತಿದ್ದೆ.

ಈ ಬ್ಲಾಕುಗಳಿಗೆ ಬೇಕಾದ ಬುಪಿವಕೇನ್ ಎಂಬ ಜೋಮಿನ ಔಷಧದ ಸೀಸೆಯ ಬೆಲೆ ನಮ್ಮೂರ ಖಾನಾವಳಿಯ ಒಂದು ರೊಟ್ಟಿ ಊಟಕ್ಕಿಂತ ಹೆಚ್ಚಿಲ್ಲ. ಸಿಸೇರಿಯನ್ನಿಗೆ ಬೆನ್ನಿಗೆ ಕೊಡುವ ಔಷಧದ್ದೇ ಜಾತಿ, ತಾಲ್ಲೂಕು ಆಸ್ಪತ್ರೆಯಲ್ಲೂ ಸಿಗುತ್ತದೆ. ಇಲ್ಲದಿರುವುದು ಸೂಜಿಯ ತುದಿ ಎಲ್ಲಿದೆಯೆಂದು ತೋರಿಸುವ ಅಲ್ಟ್ರಾಸೌಂಡ್. ಪುಪ್ಪುಸದ ಪೊರೆಗೂ ಸೂಜಿಗೂ ನಡುವೆ ಕೆಲವೊಮ್ಮೆ ಒಂದು ಸೆಂಟಿಮೀಟರೂ ಇರುವುದಿಲ್ಲ. ಯಂತ್ರ ಆಸ್ಪತ್ರೆಯಲ್ಲಿ ಇದೆ, ಆದರೆ ರೇಡಿಯಾಲಜಿ ಕೋಣೆಯಲ್ಲಿ ಬೀಗದೊಳಗಿದೆ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯಂತೆ ಪ್ರತಿ ಯಂತ್ರವೂ ನೋಂದಣಿಯಾಗಬೇಕು, ಯಾವ ಜಾಗದಲ್ಲಿ, ಯಾರು ಬಳಸುತ್ತಾರೆ ಎಂಬುದು ದಾಖಲಾಗಬೇಕು. ಆ ಕಾಯ್ದೆಯಲ್ಲಿ ಒಂದು ಅಕ್ಷರವನ್ನೂ ಸಡಿಲಿಸಬೇಡಿ. ಹೆಣ್ಣು ಭ್ರೂಣದ ವಿಷಯದಲ್ಲಿ ನಮ್ಮ ಭಾಗ ಬೆನ್ನು ತಟ್ಟಿಕೊಳ್ಳುವಂತಿಲ್ಲ, ಎರಡು ಹೆಣ್ಣುಮಕ್ಕಳ ತಾಯಿಯಾಗಿ ಹೇಳುತ್ತಿದ್ದೇನೆ. ನನ್ನ ದೂರು ಕಾಯ್ದೆಯ ಮೇಲಲ್ಲ, ಅದರ ಸುತ್ತ ಬೆಳೆದ ಭಯದ ಮೇಲೆ. ಅರಿವಳಿಕೆ ವೈದ್ಯರ ಹೆಸರಿನಲ್ಲಿ ಓಟಿಗೆ, ಅಂದರೆ ಆಪರೇಷನ್ ಕೋಣೆಗೆ, ಒಂದು ಯಂತ್ರ ನೋಂದಾಯಿಸಿ ಎಂದರೆ ಆಡಳಿತದವರು ‘ಯಾಕ ಬೇಕ್ರಿ ಮೇಡಂ ಇಲ್ಲದ ಉಸಾಬರಿ, ನಾಳೆ ತಪಾಸಣೆ ಬಂದ್ರ?’ ಎನ್ನುತ್ತಾರೆ. ಅರ್ಜಿ ಕೊಟ್ಟರೆ ಒಬ್ಬರು ಇನ್ನೊಬ್ಬರ ಟೇಬಲ್ಲಿಗೆ ತೋರಿಸುತ್ತಾರೆ. ನಾನು ಒಂದು ಫೈಲಿನ ಹಿಂದೆ ಎರಡು ಮಳೆಗಾಲ ಓಡಾಡಿದ್ದೇನೆ. ಕಚೇರಿಯ ಹೆಸರು ಬೇಡ, ಅಲ್ಲಿಯ ಗುಮಾಸ್ತರೂ ನನ್ನಷ್ಟೇ ಹೆದರಿದವರು.

ಆದ್ದರಿಂದ ನಿಮ್ಮ ಇಲಾಖೆಯಿಂದ ಒಂದು ಸುತ್ತೋಲೆ ಬರಲಿ, ಕನ್ನಡದಲ್ಲಿ, ಎರಡು ಪುಟಕ್ಕೆ ಮೀರದಂತೆ. ಓಟಿ ಮತ್ತು ಐಸಿಯುನಲ್ಲಿ ನರದ ಬ್ಲಾಕಿಗೆ ಬಳಸುವ ಯಂತ್ರಕ್ಕೆ ಯಾವ ಅರ್ಜಿ, ಯಾರ ಸಹಿ, ಎಷ್ಟು ದಿನದೊಳಗೆ ಉತ್ತರ, ಯಂತ್ರವನ್ನು ಆ ಕೋಣೆಗಳಿಂದಾಚೆ ಒಯ್ಯದಂತೆ ಯಾರು ಜವಾಬ್ದಾರಿ, ಎಲ್ಲ ಅದರಲ್ಲಿರಲಿ. ನಮಗೆ ಬೇಕಾದದ್ದು ಮೇಲುಪದರವನ್ನು ಚೊಕ್ಕವಾಗಿ ತೋರಿಸುವ ನೇರ ಪ್ರೋಬ್ ಮಾತ್ರ. ಹೊಟ್ಟೆಯ ಆಳ ನೋಡುವ ಪ್ರೋಬ್ ಕೊಡಲೇಬೇಡಿ, ಆ ಷರತ್ತನ್ನೂ ಬರೆಯಿರಿ.

ಅದೇ ಓಟಿಯ ಫ್ರಿಜ್ಜಿನ ಪಕ್ಕದ ಕಪಾಟಿನಲ್ಲಿ ಶೇಕಡಾ 20ರ ಲಿಪಿಡ್ ಇಮಲ್ಷನ್ ಇರಲಿ. ಜೋಮಿನ ಔಷಧ ಅಳತೆ ಮೀರಿದರೆ, ಅಥವಾ ತಪ್ಪಿ ರಕ್ತಕ್ಕೆ ಇಳಿದರೆ, ತುಟಿ ಜುಮುಗುಟ್ಟಿ, ಕಿವಿ ಗುಂಯ್‌ಗುಟ್ಟಿ, ಫಿಟ್ಸ್ ಬಂದು ಹೃದಯವೇ ನಿಲ್ಲಬಹುದು. ಆಗ ಹಾಲಿನಂತೆ ಬೆಳ್ಳಗಿರುವ ಈ ದ್ರವವನ್ನು ಕಿಲೋ ತೂಕಕ್ಕೆ 1.5 ಮಿ.ಲೀ. ಲೆಕ್ಕದಲ್ಲಿ ಮೊದಲು ಕೊಡಬೇಕು. ತರಿಸಿಕೊಳ್ಳೋಣ ಎಂದು ಔಷಧದ ಅಂಗಡಿಗೆ ಆಳು ಕಳಿಸುವ ಹೊತ್ತಲ್ಲ ಅದು. ಬ್ಲಾಕ್ ಬೇಕು ಎನ್ನುವವಳು ಅದರ ವಿಷವನ್ನೂ ಹೇಳಬೇಕು.

ಈಗ ಆ ಹತ್ತು ನಿಮಿಷ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಇದೆ. ಒಳ್ಳೆಯ ಯೋಜನೆ, ಅದಿಲ್ಲದಿದ್ದರೆ ಸಿಂದಗಿಯ ಎಷ್ಟೋ ಮನೆಗಳಲ್ಲಿ ಹೊಲ ಮಾರುತ್ತಿದ್ದರು. ಪ್ಯಾಕೇಜಿನ ದರದಲ್ಲಿ ಅರಿವಳಿಕೆಯೂ ಸೇರಿಹೋಗುತ್ತದೆ. ಸೇರಿದ ಮೇಲೆ ಅದು ಯಾವ ಬಗೆಯದು, ಯಾಕೆ, ರೋಗಿಗೆ ಯಾರು ಹೇಳಿದರು ಎಂದು ಕೇಳುವವರಿಲ್ಲ. ನಾವು ಅರಿವಳಿಕೆಯವರು ರೋಗಿಯನ್ನು ಎಷ್ಟೋ ಸಲ ಮೊದಲು ಕಾಣುವುದು ಓಟಿಯ ಮೇಜಿನ ಮೇಲೆ. ಅಷ್ಟೊತ್ತಿಗೆ ಇಂಗ್ಲಿಷಿನ ಕಾಗದಕ್ಕೆ ಮಗನೋ ಅಳಿಯನೋ ಸಹಿ ಹಾಕಿ ಆಗಿರುತ್ತದೆ. ರೋಗಿ ಹೆಣ್ಣುಮಗಳಾದರೆ ಅವಳನ್ನು ಕೇಳುವ ಮಾತೇ ಇಲ್ಲ. ಮುದ್ದೇಬಿಹಾಳದ ಒಬ್ಬ ಅಮ್ಮ ಮೇಜಿನ ಮೇಲೆ ಮಲಗಿ ನನ್ನ ಕೈ ಹಿಡಿದು ಕೇಳಿದ್ದರು: ‘ಯವ್ವಾ, ನಾ ಮಲಗಿದ ಮ್ಯಾಲ ಎಬ್ಬಸಾಕ ನೀ ಇರ್ತೀಯಲ್ಲಾ?’ ಆಪರೇಷನ್ನಿಗಿಂತ ಮಲಗುವುದಕ್ಕೇ ಅವರ ಭಯ. ಅವರಿಗೆ ಆಗಬೇಕಿದ್ದ ಕೆಲಸ ಎಚ್ಚರದಲ್ಲೇ ಆಗುವಂಥದ್ದಾಗಿತ್ತು. ಹಿಂದಿನ ದಿನ ಯಾರಾದರೂ ಕೇಳಿದ್ದರೆ ಒಂದು ರಾತ್ರಿಯ ನಿದ್ದೆ ಉಳಿಯುತ್ತಿತ್ತು. ಉಲ್ಟಾ ಕೂಡ ಇದೆ. ‘ನನಗ ಏನೂ ಗೊತ್ತಾಗಬಾರದ್ರಿ, ಪೂರ್ತಿ ಮಲಗಿಸಿಬಿಡ್ರಿ’ ಎನ್ನುವವರೂ ಬಹಳ. ಅವರ ಮಾತೂ ಮಾತೇ. ಎಚ್ಚರವಿರು ಎಂದು ಯಾರನ್ನೂ ಒತ್ತಾಯ ಮಾಡಲು ಬರುವುದಿಲ್ಲ, ಕೈಕಾಲು ಆಡಿಸುವ, ಗಾಬರಿಯಾಗುವ ರೋಗಿಗೆ ಬ್ಲಾಕ್ ಕೊಟ್ಟು ಪ್ರಯೋಜನವೂ ಇಲ್ಲ.

ಯೋಜನೆಯ ಕ್ಲೇಮ್ ಅರ್ಜಿಯಲ್ಲಿ ಎರಡು ಸಾಲು ಸೇರಿಸಿ, ದುಡ್ಡು ಹೆಚ್ಚು ಕೊಡುವುದು ಬೇಡ. ಯಾವ ಅರಿವಳಿಕೆ ಕೊಟ್ಟಿರಿ, ಹಿಂದಿನ ದಿನ ರೋಗಿಯೊಂದಿಗೆ ಯಾರು ಮಾತಾಡಿದರು. ತುರ್ತು ಕೇಸುಗಳನ್ನು ಬಿಟ್ಟು ಉಳಿದವಕ್ಕೆ ಈ ಸಾಲು ಖಾಲಿಯಿದ್ದರೆ ಬಿಲ್ಲು ವಾಪಸು. ಬಿಲ್ಲು ವಾಪಸು ಬರುತ್ತದೆಂದರೆ ಆಸ್ಪತ್ರೆಗಳು ಕಲಿಯುವ ವೇಗ ನಿಮಗೇ ಗೊತ್ತು.

ಕಲಿಸುವ ವಿಷಯ ಬೇಗ ಮುಗಿಸುತ್ತೇನೆ. ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬರೇ ಅರಿವಳಿಕೆ ವೈದ್ಯರು, ಹಗಲೂ ರಾತ್ರಿ ಸಿಸೇರಿಯನ್. ಅವರನ್ನು ಹದಿನೈದು ದಿನ ಕಲಬುರಗಿಯ ಜಯದೇವಕ್ಕೋ ಬೆಳಗಾವಿಯ ದೊಡ್ಡ ಆಸ್ಪತ್ರೆಗೋ ಕಳಿಸಬೇಕಾದರೆ ಆ ಹದಿನೈದು ದಿನಕ್ಕೆ ಬದಲಿ ಬೇಕು. ಬದಲಿ ಕೊಡದೆ ತರಬೇತಿಯ ಆದೇಶ ಹೊರಡಿಸಿದರೆ ಅದು ಕಡತಕ್ಕೆ ಮಾತ್ರ.

ನಮ್ಮ ಜನ ಇವತ್ತಿಗೂ ಎದೆನೋವು ಅಂದರೆ ನೂರು ಕಿಲೋಮೀಟರ್ ದೂರದ ಸೊಲ್ಲಾಪುರದ ದಾರಿ ಹಿಡಿಯುತ್ತಾರೆ, ಜಮಖಂಡಿಯವರು ಮಿರಜಿನದು. ಅಲ್ಲಿ ಮರಾಠಿಯಲ್ಲಿ ಹೇಳಿದ್ದಕ್ಕೆ ಅರ್ಧ ತಿಳಿದು ತಲೆಯಾಡಿಸುತ್ತಾರೆ. ಇಲ್ಲಿ ಕನ್ನಡದ ನೆಲದಲ್ಲಿ ಇಂಗ್ಲಿಷಿನ ಕಾಗದಕ್ಕೆ ಏನೂ ತಿಳಿಯದೆ ಹೆಬ್ಬೆಟ್ಟು ಒತ್ತುತ್ತಾರೆ.

ಇಂಡಿಯ ಆ ಅಜ್ಜನ ಕಥೆ ಅರ್ಧಕ್ಕೆ ಬಿಟ್ಟಿದ್ದೆ. ಮಗನಿಗೆ ತೂಬಿನ ಲೆಕ್ಕ ಹೇಳಿದ ಮೇಲೆ ಒಪ್ಪಿದ. ಮರುದಿನ ಪೇಸ್‌ಮೇಕರ್ ಕೂರಿಸುವಷ್ಟು ಹೊತ್ತೂ ಅಜ್ಜ ಹಸಿರು ಬಟ್ಟೆಯಡಿಯಿಂದ ಲಿಂಬಿ ತೋಟದ ದರದ ಬಗ್ಗೆ ನನ್ನೊಂದಿಗೆ ವಾದ ಮಾಡುತ್ತಿದ್ದರು. ನಡುವೆ ಒಮ್ಮೆ ಮಾತು ನಿಂತಿತು. ಗಾಬರಿಯಾಗಿ ಬಟ್ಟೆ ಸರಿಸಿ ನೋಡಿದರೆ ಗೊರಕೆ ಹೊಡೆಯುತ್ತಿದ್ದರು.

ನಾಳೆ ಇನ್ನೊಬ್ಬರದಿದೆ, ಬಸವನ ಬಾಗೇವಾಡಿ ಕಡೆಯವರು. ಯಂತ್ರ ಇನ್ನೂ ಬೀಗದೊಳಗಿದೆ, ಕೀಲಿ ಕೇಳಿ ಪುಸ್ತಕದಲ್ಲಿ ಸಹಿ ಮಾಡಿ ರೋಗಿಯನ್ನೇ ಆ ಕೋಣೆಗೆ ಒಯ್ದು ಬ್ಲಾಕ್ ಕೊಟ್ಟು ಮತ್ತೆ ಪೇಸ್‌ಮೇಕರ್ ಕೂರಿಸುವ ಕ್ಯಾಥ್‌ಲ್ಯಾಬಿಗೆ ತರಬೇಕು. ವಾರ್ಡಿಗೆ ಹೋಗುವ ಹೊತ್ತಾಯಿತು. ನಿಮ್ಮ ಉತ್ತರದ ದಾರಿ ಕಾಯುತ್ತಿರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಅರಿವಳಿಕೆ ವೈದ್ಯೆ,
ವಿಜಯಪುರ